ಬಿಲ್ಲಿನಲ್ಲಿ ಬರೆಯದ ಬೋಲ್ಟು

ಬೈತಖೋಲದ ಐಸ್ ಮಿಲ್ಲಿಗೆ ನನ್ನನ್ನು ಕರೆಸಿದ್ದು
ಗೋಡೆಯ ಬಾಯಿ ಮುಚ್ಚಿಸಲಿಕ್ಕೆ.
ಕೆಳಗೆ ಯಂತ್ರ, ಮೇಲೆ ಎರಡು ಮಾಳಿಗೆ ಬಾಡಿಗೆ ಮನೆ.
ನಸುಕಿನ ಮೂರಕ್ಕೆ ಅದು ಗಡಗಡ ಎಂದರೆ
ಬಾಂದೇಕರ ಮಾಸ್ತರರು ನೀರಲ್ಲಿಟ್ಟ ಹಲ್ಲಿನ ಸೆಟ್ಟು
ಲೋಟದೊಳಗೇ ಮಾತಾಡಲು ಶುರು.
ಅರ್ಜಿ ಬರೆದೂ ಬರೆದೂ
ಅವರ ಅಕ್ಷರವೂ ನಡುಗುತ್ತಿತ್ತು.

ಮಡಗಾಂವದಿಂದ ಲಾರಿಯಲ್ಲಿ ಬಂತು ಕಾರ್ಕು.
ಕಂದು ಹಲಗೆ, ತಳ ಹಿಡಿದ ಬೆಲ್ಲದ ವಾಸನೆ.
ಪೋರ್ತುಗಾಲದ ಕಡೆಯ ಮರವಂತೆ;
ಒಂಬತ್ತು ವರ್ಷಕ್ಕೊಮ್ಮೆ ಅಂಗಿ ಬಿಚ್ಚಿದ ಹಾಗೆ ತೊಗಟೆ ಸುಲಿದರೂ
ಸಾಯದೆ, ಮತ್ತೊಂದು ಹೊದೆದು ನಿಲ್ಲುತ್ತದಂತೆ.
ಇಂಜಿನಿಯರ್ ರೊಜಾರಿಯೊ ಇಷ್ಟು ಹೇಳುವಾಗ
ನನ್ನ ಕೈಗೆ ಸಿಕ್ಕದ್ದು ಅಜ್ಜನ ಬಲೆಯ ಬೆಂಡು.
ಅದೇ ಹಗುರ. ಉಗುರೊತ್ತಿದರೆ ಅದೇ ತಗ್ಗು,
ಬಿಟ್ಟರೆ ಅವಸರವಿಲ್ಲದೆ ಮೇಲೇಳುವ ಅದೇ ಸ್ವಭಾವ.
ಅಲೆಯ ಮೇಲೆ ಬಲೆ ಹೊರುತ್ತಿದ್ದುದು
ಈಗ ಎರಡು ಟನ್ ಕಬ್ಬಿಣದ ಅಡಿಗೆ.
'ಗುಂಡು ತೇಲಿತು, ಬೆಂಡು ಮುಳುಗಿತು' ಎಂದು
ನಕ್ಕ ಮಿಲ್ಲಿನ ಇಮ್ತಿಯಾಜ್.

ನಾಲ್ಕು ದಿನದ ಕೆಲಸ.
ಜಾಕಿ ಕೊಟ್ಟು ಯಂತ್ರವೆತ್ತಿ, ಕಟ್ಟೆಗೂ ಅದಕ್ಕೂ ನಡುವೆ ಎರಡು ಪದರ,
ಗೋಡೆಗೊಂದು, ಕಂಬದ ಸುತ್ತ ಒಂದು.
ರೊಜಾರಿಯೊನದು ಒಂದೇ ಮಾತು, ಹತ್ತು ಸಲ:
ಒಂದು ಮೊಳೆ ಸಾಕು,
ಕಾರ್ಕು ದಾಟಿ ಆಚೆಯ ಕಲ್ಲು ಮುಟ್ಟಿದರೆ
ಸದ್ದಿಗೆ ಸೇತುವೆ ಕಟ್ಟಿದ ಹಾಗೆ. ಎಲ್ಲ ಹಾಳು.
ಹಾಗಾಗಿ ಅಂಟು ಮಾತ್ರ.
ಇಪ್ಪತ್ತಾರು ವರ್ಷದ ನನ್ನ ಸುತ್ತಿಗೆ
ಚೀಲದಲ್ಲೇ ಮುನಿಸಿಕೊಂಡು ಮಲಗಿತ್ತು.

ಐದನೆಯ ನಸುಕು. ಗುಂಡಿ ಒತ್ತಿದರು.
ಯಂತ್ರ ತನ್ನಷ್ಟಕ್ಕೆ ತಾನು ತಿರುಗಿತು,
ಮುದುಕಿ ಬಾಯೊಳಗೇ ಜಪ ಮಾಡಿದ ಹಾಗೆ.
ಲೋಟದ ಹಲ್ಲು ಮೌನ.
ಮಾಸ್ತರರು ಎಂಟರವರೆಗೆ ನಿದ್ದೆ ಮಾಡಿ
ನನಗೆ ಕೋಕಂ ಶರಬತ್ತು ಕಳಿಸಿದರು.

ಏಳನೆಯ ದಿನ ಶೇವಂತಿ ಬಂದಳು.
ಮೇಲಿನ ಮಾಳಿಗೆಯ ಶೇವಂತಿ ತಾಂಡೇಲ,
ಆರನೆಯ ವಯಸ್ಸಿಗೆ ಜ್ವರಕ್ಕೆ ಎರಡೂ ಕಿವಿ ಕೊಟ್ಟವಳು.
ಕಂಕುಳಲ್ಲಿ ಖಾಲಿ ಬುಟ್ಟಿ.
ಯಂತ್ರ ತೋರಿಸಿ ಕೈ ತಿರುವಿದಳು: ಸತ್ತಿತೇ?
ಕಡಲು ತೋರಿಸಿ: ಬೋಟು ಬರುತ್ತಿಲ್ಲವೇ?
ಆಮೇಲೆ ಕಾಲೆತ್ತಿ ಅಂಗಾಲು ತೋರಿಸಿದಳು.
ನನಗೆ ತಲೆಬುಡ ತಿಳಿಯಲಿಲ್ಲ.

ಇಮ್ತಿಯಾಜನ ತಾಯಿ ಬಿಡಿಸಿ ಹೇಳಿದಳು.
ಶೇವಂತಿ ಮಲಗುವುದು ಬರಿನೆಲದಲ್ಲಿ,
ಕಂಬಕ್ಕೆ ಪಾದ ತಾಗಿಸಿ.
ಯಂತ್ರ ಶುರುವಾಯಿತೆಂದರೆ ಬೋಟು ದಡಕ್ಕೆ ಬಂತು;
ಕಂಬ ಅವಳನ್ನು ಅಲುಗಿಸಿ ಎಬ್ಬಿಸುತ್ತಿತ್ತು.
ಹರಾಜಿನ ಮೊದಲ ಬಂಗಡೆ ಅವಳ ಬುಟ್ಟಿಗೆ.
ಈಗ ಮೂರು ದಿನದಿಂದ
ಎಲ್ಲರೂ ಬಿಟ್ಟುಹೋದ, ಹೊಟ್ಟೆಯೊಡೆದ ತಾರ್ಲೆ.

ಮಾಸ್ತರರು ತಕರಾರೆಂದು ಬರೆದದ್ದನ್ನೇ
ಅವಳು ಅಂಗಾಲಿನಿಂದ
ಕರೆಯೆಂದು ಓದುತ್ತಿದ್ದಳು.

ಆ ರಾತ್ರಿ ರೊಜಾರಿಯೊ ಮಡಗಾಂವದಲ್ಲಿದ್ದ.
ಹತ್ತಿಂಚಿನ ಬೋಲ್ಟೊಂದು ಹುಡುಕಿ ತೆಗೆದೆ.
ಯಂತ್ರದ ಪಾದದಿಂದ ಹೊರಟು
ನಾನೇ ಅಂಟಿಸಿದ ಕಾರ್ಕನ್ನು ನಾನೇ ಚುಚ್ಚಿ
ಕಂಬದ ಬುಡಕ್ಕೆ.
ಯಂತ್ರ ಹಾಕಿಸಿ, ಎಡಗೈ ಕಂಬದ ಮೇಲಿಟ್ಟು ನಟ್ಟು ಬಿಗಿದೆ.
ಒಂದು ಸುತ್ತಿಗೆ ಏನಿಲ್ಲ. ಎರಡಕ್ಕೂ.
ಮೂರನೆಯದಕ್ಕೆ
ಅಂಗೈಯಲ್ಲಿ ಇರುವೆ ಸಾಲು ಹೊರಟಿತು.
ಇನ್ನರ್ಧ ಸುತ್ತಬೇಕೋ ಬೇಡವೋ ಎನ್ನುವಾಗ
ಮೇಲಿನಿಂದ, ಕಂಬದೊಳಗೇ ಇಳಿದು ಬಂತು
ಹಿಮ್ಮಡಿಯ ಎರಡು ಏಟು.
ಸಾಕು.

ಹಣ ಇಸಿದುಕೊಳ್ಳಲು ಹೋದ ದಿನ
ಮಾಸ್ತರರು ಮೆಟ್ಟಿಲಲ್ಲಿ ತಡೆದರು.
ಲೋಟ ಸಣ್ಣಗೆ ಗುನುಗುತ್ತದಲ್ಲ ಮಾರಾಯ, ಯಾಕೆ?
ಅಲೆ ಜೋರಿದೆಯಲ್ಲ ಎಂದೆ.
ಅವರು ಕಿಟಕಿಯಾಚೆ ನೋಡಿದರು.
ಡಿಸೆಂಬರಿನ ಕಡಲು, ಆರಿದ ಗಂಜಿಯ ಹಾಗೆ ಕೆನೆಗಟ್ಟಿ ನಿಂತಿತ್ತು.
ಅಷ್ಟರಲ್ಲಿ ತುಂಬಿದ ಬುಟ್ಟಿ ಹೊತ್ತು ಶೇವಂತಿ
ನಮ್ಮಿಬ್ಬರ ನಡುವೆಯೇ ಹತ್ತಿಹೋದಳು, ನೀರು ತೊಟ್ಟಿಕ್ಕಿಸುತ್ತ.
ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:
ಲೋಟದ ಕೆಳಗಿಡುವಷ್ಟು
ಕಾರ್ಕಿನ ಚೂರೊಂದು ಉಳಿದಿದೆಯೇ?