ಟಿಕೆಟಿನ ಬೆನ್ನಿಗೆ

ಸುಲ್ತಾನ್‌ಪೇಟೆಯ ನಮ್ಮ ಪ್ರೆಸ್ಸಿಗೆ
ಮುನಿಲಕ್ಷ್ಮಮ್ಮ ಬರುವುದು ಶಿಫ್ಟು ಮುಗಿದ ಮೇಲೆ.
ಚೀಲ ಡಿಪೋದಲ್ಲಿ ಒಪ್ಪಿಸಿದ್ದರೂ
ಎಡಭುಜ ಇನ್ನೂ ಚಿಲ್ಲರೆಯ ಭಾರಕ್ಕೆ ವಾಲಿರುತ್ತದೆ.
ಮೆಷಿನ್ನಿನ ಟಿಕೆಟ್ ಸುರುಳಿಯ ತುಂಡು,
ಅದರ ಬೆನ್ನಿಗೆ ಪೆನ್ನಿನಲ್ಲಿ ಕವಿತೆ.
ಮುಂದಿನ ದರ, ದಿನಾಂಕ ಮಾಸಿಹೋಗಿವೆ,
ಹಿಂದಿನದು ಉಳಿದಿದೆ.

ಮೊದಲ ಸಲ ತಂದದ್ದು ಮೊಳದುದ್ದ:
ಅಕ್ಕ, ವಿಕ್ಟೋರಿಯಾ ಆಸ್ಪತ್ರೆಯ ಮಂಚ,
ಡ್ರಿಪ್ಪಿನ ಬಾಟಲಿ, ಕಣ್ಣೀರು ಮೂರು ಕಡೆ.
ನಾನು ಟೈಪು ಮಾಡುತ್ತ ಹೋದಂತೆ
ಪಕ್ಕದಲ್ಲಿ ನಿಂತು ಹೊಡೆಸುತ್ತ ಬಂದಳು.
ಮಂಚ ಬೇಡ. ಬಾಟಲಿ ಬೇಡ.
ಕೊನೆಗೆ ಅಕ್ಕನೂ ಬೇಡ ಅಂದಳು,
ಸ್ವಲ್ಪ ಹೊತ್ತು ಸುಮ್ಮನಿದ್ದು.
ಪರದೆಯ ಮೇಲೆ ಉಳಿದದ್ದು:

   *ನೇರಳೆ ಉದುರಿದ ಫುಟ್‌ಪಾತು.*
   *ಗುಡಿಸಿದರು, ನೀರು ಹಾಕಿ ತೊಳೆದರು.*
   *ಜನ ಇನ್ನೂ ಬಳಸಿಕೊಂಡೇ ಹೋಗುತ್ತಾರೆ.*

ನನಗೆ ತಡೆಯಲಿಲ್ಲ. ಇಪ್ಪತ್ತಾರು ವರ್ಷ
ಕಂಡವರ ಕಾಗುಣಿತ ತಿದ್ದಿದ ಕೈ.
“ನಾಲ್ಕನೇ ಸಾಲು ಹಾಕಿ, ಅಕ್ಕಾ ನೀನೂ ಹೀಗೇ ಅಂತ.
ಇಲ್ಲದಿದ್ದರೆ ಓದುವವರಿಗೆ ಗೊತ್ತಾಗೋದು ಹೇಗೆ?”
ನಕ್ಕಳು. “ಸ್ಟಾಪು ಬಂತು ಅಂತ ಕೂಗ್ತೀನಿ ಸಾರ್,
ಕೈ ಹಿಡಿದು ಇಳಿಸ್ತೀನಾ?
ಇಳಿಯೋರು ಇಳೀತಾರೆ.”

ಮುಂದಿನ ತಿಂಗಳು ಇನ್ನೊಂದು:

   *ಕೆರೆಗೆ ಬೆಂಕಿ ಬಿತ್ತಂತೆ.*
   *ನೀರು ಉರಿಯುತ್ತಾ, ಅಂದರು ಎಲ್ಲರೂ.*
   *ಕೆರೆಯನ್ನು ಯಾರೂ ಕೇಳಲಿಲ್ಲ.*

“ಬೆಳ್ಳಂದೂರಿಂದಾ?” ಅಂದೆ.
“ಅಲ್ಲಿಂದ ಎರಡು ಸ್ಟಾಪು. ನಮ್ಮನೆ.”
ಮತ್ತೇನೂ ಕೇಳದೆ
ಅಲ್ಪವಿರಾಮ ಒಂದನ್ನು ಸರಿಮಾಡಿದೆ.

ಒಂದರಲ್ಲಿ ಚಂದ್ರನಿದ್ದ. ತಾನೇ ತೆಗೆಸಿದಳು.
“ನಮ್ಮ ರೂಟಲ್ಲಿ ಚಂದ್ರ ಕಾಣಲ್ಲ, ಫ್ಲೈಓವರ್ ಅಡ್ಡ.
ನೋಡದೇ ಇರೋದರ ತಲೆ ಮೇಲೆ
ನಮ್ಮ ಸಂಕಟ ಯಾಕೆ ಹೊರಿಸಬೇಕು?”

ಆ ರಾತ್ರಿ ನಾನೂ ಬರೆದೆ.
ಸರೋಜಿನಿ ಬಿಟ್ಟುಹೋದ ಮೇಲೆ ಬರೆದ ಮೊದಲನೆಯದು.
ಆಕಾಶಮಲ್ಲಿಗೆ ತಂದೆ, ಉದುರಿಸಿದೆ,
ಗಾಳಿಗೆ ಒಂದು ನಿಟ್ಟುಸಿರು ಕೊಟ್ಟೆ.
ಮುನಿಲಕ್ಷ್ಮಮ್ಮ ಎರಡು ಸಲ ಓದಿ,
“ಹೂವು ಚೆನ್ನಾಗದೆ.
ಆದರೆ ನೀವು ಮರದ ಹಿಂದೆ ಬಚ್ಚಿಟ್ಕೊಂಡಿದೀರಿ.
ಮರಾನೂ ಕಾಣಲ್ಲ, ನೀವೂ ಕಾಣಲ್ಲ.”

ಕರೆಂಟು ಹೋಯಿತು. ಷಟರು ಎಳೆದು
ಮಾರ್ಕೆಟ್ಟಿನ ಕಡೆ ಇಬ್ಬರೂ ನಡೆದೆವು.
ಗುರುವಾರಕ್ಕೆ ಪ್ರೂಫು ಕೊಡ್ತೀರಾ, ಅಂದಳು,
ರಟ್ಟು ನೀಲಿ ಬೇಡ, ಅಂದಳು.
ಹೂಂ ಅನ್ನುತ್ತಿದ್ದೆ. ಆಸ್ಪತ್ರೆಯ ಕಾಂಪೌಂಡಿನ ಪಕ್ಕ
ನೆಲದ ಮೇಲೆ ಕಪ್ಪುನೇರಳೆ ಕಲೆ,
ಒಣಗಿದ್ದು, ಹೋದ ವಾರದ್ದಿರಬೇಕು.
ಅವಳು ಮಾತು ನಿಲ್ಲಿಸಲಿಲ್ಲ.
ನನ್ನ ಕಾಲು ನನ್ನನ್ನು ಕೇಳದೆ
ರಸ್ತೆಗಿಳಿದು, ಬಳಸಿ, ಮತ್ತೆ ಹತ್ತಿತು.

ಹಿಂದಿನಿಂದ ಆಟೋದವನು ಬೈದ.