ಕೊಟ್ಟಿಲ್ಲ

ಕುತೈಸಿಯ ಹೃದಯದ ವಾರ್ಡು, ಬೆಳಗಿನ ಆರು.
ಹನ್ನೊಂದು ದಿನದಿಂದ ಬಲ್ಲ ಮುದುಕನನ್ನೇ
ಹೆಸರೇನೆಂದು ಕೇಳಿದಳು ನಾತೆಲಾ.
"ಶಾಲ್ವಾ! ಮರೆವು ನನಗೋ ನಿನಗೋ?"
ಬಾಯಿಯ ಹೆಸರು, ಕೈಪಟ್ಟಿಯ ಹೆಸರು, ಚೀಟಿಯ ಹೆಸರು
ಮೂರೂ ಒಂದೇ.

ಬಟ್ಟಲಲ್ಲಿ ಡಿಗಾಕ್ಸಿನ್, ನುಚ್ಚಕ್ಕಿಯಷ್ಟು ಬಿಳಿ.
ಕಲಿಯಲು ಬಂದ ಎತೆರಿಯ ಕೈಯಲ್ಲಿ ನೀರು.
ಶಾಲ್ವಾ ಕಿಟಕಿ ನೋಡುತ್ತಾ ಅಂದ:
"ಈ ಸಲ ಹಿಮವೂ ಹಳದಿ ಬಿದ್ದಿದೆ.
ನನ್ನ ಬ್ರೆಡ್ಡಿಗಿಲ್ಲದ ಬೆಣ್ಣೆಯನ್ನೆಲ್ಲ
ಅಂಗಳಕ್ಕೆ ಸವರಿದಿರಾ?"
ಎತೆರಿ ನಕ್ಕಳು.

ನಾತೆಲಾ ನಗಲಿಲ್ಲ.
ಎದೆಗೆ ಸ್ಟೆತಾಸ್ಕೋಪು, ಕಣ್ಣು ಗಡಿಯಾರಕ್ಕೆ.
ಅರ್ಧ ಎಣಿಸಿ ಇಮ್ಮಡಿಸುವ ಲೆಕ್ಕವಲ್ಲ,
ಇಡೀ ಒಂದು ನಿಮಿಷ.
ನಲವತ್ತಾರು. ನಲವತ್ತೇಳು.
ಮುಳ್ಳು ಸುತ್ತು ಮುಗಿಸುವಾಗ
ನಲವತ್ತೆಂಟು.

"ಹೂಗಿಡದಿಂದ ಬಂದ ಮದ್ದು," ಎಂದಳು ಹೊರಗೆ, ಮೆಲ್ಲಗೆ,
"ಸೋತ ಎದೆಗೆ ಹೆಗಲು ಕೊಡುತ್ತದೆ.
ಆದರೆ ಬೇಗ ಹೊರಡದ ನೆಂಟ.
ಮೂತ್ರಪಿಂಡ ಬಾಗಿಲು ತೆರೆಯದಿದ್ದರೆ
ನಿನ್ನೆಯದು ಕೂತಿರುವಾಗಲೇ ಇಂದಿನದು ಬಂದು ಕೂರುತ್ತದೆ.
ಮೊದಲು ಕಣ್ಣಿಗೆ ಅರಿಶಿನ, ಆಮೇಲೆ..."
"ಡಾಕ್ಟರು ಬರೆದಿದ್ದಾರಲ್ಲ?"
"ಬರೆದದ್ದು ಮೊನ್ನೆ. ಎಣಿಸಿದ್ದು ಈಗ."

ಫೋನು ಮಾಡಿದಳು. ರಕ್ತ ತೆಗೆದರು.
ಮಾತ್ರೆ ಕದ್ದರೆಂದು ಶಾಲ್ವಾ
ವಾರ್ಡಿಗೆಲ್ಲ ಕೇಳುವಂತೆ ಕೂಗಿದ.
ಪಟ್ಟಿಯಲ್ಲಿ ಹನ್ನೊಂದು ಸಹಿ ಸಾಲಾಗಿ,
ಹನ್ನೆರಡನೆಯ ಮನೆಯಲ್ಲಿ ಒಂದು ಸೊನ್ನೆ,
ಪಕ್ಕದಲ್ಲಿ ಅವಳ ಗುಂಡು ಅಕ್ಷರ:
ಕೊಟ್ಟಿಲ್ಲ. ಎದೆಬಡಿತ ೪೮.
ಹಿಮ ಹಳದಿ ಎನ್ನುತ್ತಾರೆ.

ಎತೆರಿ ಯಾವುದಕ್ಕೂ ಇರಲಿ ಎಂದು
ಕಿಟಕಿಯವರೆಗೆ ಹೋಗಿ
ನೋಡಿ ಬಂದಳು.