ರಟ್ಟಿನ ಮೇಲೆ ಎರಡು ಗುಳಿ

ಎರಡು ವರ್ಷದಲ್ಲಿ ನಾಲ್ಕು ಸೀಟು.
ಜೆಲ್ ತುಂಬಿದ್ದು ಮೊದಲ ಗಂಟೆ ಬೆಣ್ಣೆ, ಆಮೇಲೆ ಹಸಿ ಹಿಟ್ಟು.
ಗಂಡನ ಹಳೆಯದರ ಮಾತೇ ಬೇಡ.

ಹಾರ್ಲಿಂಗನ್‌ನ ವೀಟ್ಸ್‌ಕೆ, ಎಪ್ಪತ್ತು ದಾಟಿದವಳು,
ಬೆಂಚಿಗೆ ಸುಕ್ಕುರಟ್ಟು ಹಾಸಿ
‘ಕೂತುಕೋ’ ಅಂದಳು. ‘ಮೊಣಕಾಲೆತ್ತು. ಇನ್ನೂ.’
ಎದ್ದು ನೋಡಿದರೆ ಎರಡು ಗುಳಿ,
ನಾನೇ ಎಂದೂ ಕಾಣದ ನನ್ನ ಎಲುಬಿನ ಸಹಿ.
ಸ್ಕೇಲಿಟ್ಟಳು: ಹದಿಮೂರೂವರೆ ಸೆಂಟಿಮೀಟರ್.
‘ಇಷ್ಟು ದಿನ ಕೂತಿದ್ದೆಯಲ್ಲ,
ಅದು ಬೇರೆ ಯಾರದೋ ಅಳತೆ.’

ಡಾಕ್ಟರಿಗೂ ಹೇಳಿರಲಿಲ್ಲ ನಾನು.
‘ಅಲ್ಲಿ’ ಉರಿ, ‘ಅಲ್ಲಿ’ ಜೋಮು. ಆ ‘ಅಲ್ಲಿ’ಗೆ
ಅಮ್ಮ ಒಂದು ಪದವನ್ನೂ ಕಲಿಸಿರಲಿಲ್ಲ.
ವೀಟ್ಸ್‌ಕೆ ಅದನ್ನು ಹೇಳಿಬಿಟ್ಟಳು,
ನಟ್ಟು ಬೋಲ್ಟು ಅನ್ನುವ ಹಾಗೆ,
ಸ್ಪ್ಯಾನರ್ ತಿರುಗಿಸುತ್ತಲೇ.

ಇವತ್ತು ಕಡಲಕಟ್ಟೆಯುದ್ದಕ್ಕೂ ಮೂವತ್ತು ಕಿಲೋಮೀಟರ್.
ಎಡಕ್ಕೆ ಕಟ್ಟಿ ನಿಲ್ಲಿಸಿದ ನೀರು, ಎದುರಿಗೆ ಗಾಳಿ.
ಹಿಂಬದಿ ಅಗಲ, ನಡುವೆ ಸೀಳು, ಮೂತಿ ಗಿಡ್ಡ:
ಕುರೂಪಿ ಸೀಟು, ಚರ್ಮ ಇನ್ನೂ ಕಿರುಗುಡುತ್ತದೆ.
ಅರ್ಧ ದಾರಿಯಲ್ಲಿ ನೆನಪಾಯಿತು,
ಅದನ್ನು ಮರೆತೇ ಬಿಟ್ಟಿದ್ದೆ.

ರಟ್ಟು ಚೀಲದಲ್ಲಿದೆ, ಬುತ್ತಿಯ ಕೆಳಗೆ.
ಬೌಕ್ಯೆಗೆ ತೋರಿಸಬೇಕು,
ಮಂಡಿನೋವು ಅಂತ ಹೇಳಿ
ಸೈಕಲ್ ಬಿಟ್ಟ ನನ್ನ ಅಕ್ಕನಿಗೆ.